ಮಕ್ಕಳನ್ನು ಯಾರೂ ಕರ್ಕೊಂಡು ಹೋಗಲ್ಲ ಅಜ್ಜೀ: ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಅಂದ್ರೇನು?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ನೆಟ್‌ವರ್ಕ್ ಸಿಗದೆ ಇಲ್ಲಿ ಓದ್ತಿರೋರಿಗೂ ಸ್ವಾಗತ. ಇವತ್ತಿನ ಸಂಚಿಕೆ ಶುರುವಾಗೋದು ಕೊಡಗಿನ ತಿತಿಮತಿಯಿಂದ.

ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗೋರಿಗೆ ಈ ಊರು ಗೊತ್ತಿರುತ್ತೆ. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಕಾಫಿ ತೋಟ. ಸುತ್ತ ಹಾಡಿಗಳು, ತೋಟದ ಲೈನ್ ಮನೆಗಳು. ಅಂಥ ಒಂದು ಲೈನ್ ಮನೆಯಲ್ಲಿ ನನಗೆ ಒಬ್ಬರು ಅಜ್ಜಿ ಸಿಕ್ಕರು. ಗುರುತು ಸಿಗಬಾರದು ಅಂತ ಹೆಸರು ಹೇಳ್ತಿಲ್ಲ. ಅಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಆಮೇಲೆ ಮಗಳೂ ಹೋದಳು, ಅದೇ ಲೈನ್ ಮನೆಯಲ್ಲಿ. ಈಗ ಇಬ್ಬರು ಮೊಮ್ಮಕ್ಕಳು ಅಜ್ಜಿ ಜೊತೆಗಿದ್ದಾರೆ. ಕಾಫಿ ಕುಯ್ಲಿನ ಕಾಲದಲ್ಲಿ ಅಜ್ಜಿಗೆ ಕೆಲಸ ಉಂಟು, ಮಳೆಗಾಲದಲ್ಲಿ ಸಿಕ್ಕರೆ ಸಿಕ್ಕಿತು.

"ಸರ್ಕಾರದಿಂದ ಮಕ್ಕಳಿಗೆ ದುಡ್ಡು ಬರುತ್ತಂತಲ್ಲ ಅಜ್ಜಿ, ಕೇಳಿಲ್ವಾ?" ಅಂದೆ.

ಅಜ್ಜಿ ದನಿ ತಗ್ಗಿಸಿ ಹೇಳಿದರು: "ಕೇಳಿದ್ರೆ ಮಕ್ಕಳನ್ನೇ ಕರ್ಕೊಂಡು ಹೋಗ್ತಾರಂತೆ ಮಗಳೇ. ಬಾಲಮಂದಿರಕ್ಕೆ ಹಾಕ್ತಾರಂತೆ. ಬೇಡ, ಗಂಜಿ ಕುಡ್ಕೊಂಡಾದ್ರೂ ಇರ್ತೀವಿ."

ಈ ಸಂಚಿಕೆ ಆ ಭಯದ ಬಗ್ಗೆ. ಯಾಕಂದ್ರೆ ಕಾನೂನು ಹೇಳೋದು ಇದರ ಉಲ್ಟಾ.

ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ಈಗ ಇರೋದು 2015ರ ಬಾಲನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ 3ನೇ ಸೆಕ್ಷನ್‌ನಲ್ಲಿರೋ ತತ್ವಗಳಲ್ಲಿ ಒಂದು ನೇರವಾಗಿದೆ: ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ. ಮೊದಲು ಅದರ ಸ್ವಂತ ಕುಟುಂಬ. ಅದು ಆಗದಿದ್ದರೆ ಇನ್ನೊಂದು ಕುಟುಂಬ. ಯಾವುದೂ ಆಗದೇ ಇದ್ದಾಗ ಮಾತ್ರ ಸಂಸ್ಥೆ. ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ: ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯವರಿಂದ ಬೇರೆ ಮಾಡಬಾರದು.

ಮೂರು ಪದ, ಮೂರು ಅರ್ಥ

ಗೊಂದಲ ಹುಟ್ಟೋದು ಮೂರು ಪದಗಳಿಂದ.

ದತ್ತು: ಮಗು ಕಾಯಂ ಆಗಿ, ಕಾನೂನು ಪ್ರಕಾರ ಬೇರೆ ತಂದೆ ತಾಯಿಯ ಮಗು ಆಗುತ್ತೆ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಾಯ್ತು. ಅಲ್ಲಿಂದ ದತ್ತು ಆದೇಶ ಕೊಡೋದು ಕೋರ್ಟ್ ಅಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದ್ರೆ ನಮ್ಮ ಡಿಸಿ.

ಪೋಷಕತ್ವ: ಇಂಗ್ಲಿಷಲ್ಲಿ ಫಾಸ್ಟರ್ ಕೇರ್ ಅಂತಾರಲ್ಲ, ಅದು. ಸ್ವಂತ ಮನೆಯವರಲ್ಲದ ಒಂದು ಕುಟುಂಬ ಮಗುವನ್ನು ಒಂದಷ್ಟು ಕಾಲ ಸಾಕುತ್ತೆ. 2024ರ ಹೊಸ ಮಾರ್ಗಸೂಚಿಯಲ್ಲಿ ದೊಡ್ಡ ಬದಲಾವಣೆ ಆಗಿದೆ. ಮೊದಲು ದಂಪತಿಗೆ ಮಾತ್ರ ಇದ್ದ ಅವಕಾಶ ಈಗ 35 ದಾಟಿದ ಒಂಟಿ ವ್ಯಕ್ತಿಗೂ ಇದೆ. ಆದರೆ ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡಲ್ಲ. ಸಾಕಿದವರು ಅದೇ ಮಗುವನ್ನು ದತ್ತು ತಗೊಳ್ಳಬೇಕಂದ್ರೆ ಮೊದಲು 5 ವರ್ಷ ಕಾಯಬೇಕಿತ್ತು, ಈಗ 2 ವರ್ಷ.

ಪ್ರಾಯೋಜಕತ್ವ: ಅಂದ್ರೆ ಸ್ಪಾನ್ಸರ್‌ಶಿಪ್. ಮಗು ಎಲ್ಲಿಗೂ ಹೋಗಲ್ಲ, ಇರೋ ಮನೆಗೆ ದುಡ್ಡು ಬರುತ್ತೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿ ಪ್ರಕಾರ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮೊದಲು 2,000 ಇತ್ತು.

ನಮ್ಮ ಅಜ್ಜಿಗೆ ಬೇಕಾಗಿರೋದು ಈ ಮೂರನೆಯದು. ಅವರಿಗೆ ಹೇಳಿ ಹೆದರಿಸಿದ್ದು ಮೊದಲ ಎರಡರ ಕಥೆ.

ಯಾರಿಗೆ ಸಿಗುತ್ತೆ?

ಕಾಯ್ದೆಯ 45ನೇ ಸೆಕ್ಷನ್‌ನಲ್ಲೇ ಪಟ್ಟಿ ಇದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬ ಕೈಬಿಟ್ಟವಳಾಗಿದ್ದರೆ. ಮಗು ಅನಾಥವಾಗಿ ಸಂಬಂಧಿಕರ ಮನೆಯಲ್ಲಿದ್ದರೆ. ತಂದೆ ತಾಯಿಗೆ ಪ್ರಾಣಾಪಾಯದ ಕಾಯಿಲೆ ಇದ್ದರೆ. ಅಪಘಾತದಿಂದಾಗಿ ಮಕ್ಕಳನ್ನು ಸಾಕೋ ಶಕ್ತಿ ಇಲ್ಲದಿದ್ದರೆ. ಅಜ್ಜಿಯ ಮೊಮ್ಮಕ್ಕಳು ಎರಡನೇ ಸಾಲಿಗೆ ಬರ್ತಾರೆ.

ಆದಾಯದ ಮಿತಿ ಉಂಟು: ಹಳ್ಳಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 72,000, ಉಳಿದ ಕಡೆ 96,000. ಲೆಕ್ಕ ಹಾಕಿ, ಹಳ್ಳಿಯಲ್ಲಿ ತಿಂಗಳಿಗೆ 6,000. ತೋಟದಲ್ಲಿ ತಿಂಗಳಿಡೀ ಕೆಲಸ ಸಿಕ್ಕರೆ ಒಬ್ಬರ ಕೂಲಿಯೇ ಇದನ್ನು ದಾಟುತ್ತೆ. ಆದರೆ ಅಜ್ಜಿಯಂಥವರಿಗೆ ವರ್ಷವಿಡೀ ಕೆಲಸ ಎಲ್ಲಿದೆ? ಕುಯ್ಲಿನ ಕೂಲಿ ನೋಡಿ ಇಡೀ ವರ್ಷದ ಆದಾಯ ಬರೆದುಬಿಟ್ಟರೆ ಇಬ್ಬರು ಮಕ್ಕಳು ಪಟ್ಟಿಯಿಂದ ಹೊರಗೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದಾಗ ಕೆಲಸ ಇಲ್ಲದ ತಿಂಗಳುಗಳನ್ನೂ ಬಾಯಿಬಿಟ್ಟು ಹೇಳಬೇಕು.

ಹೇಗೆ ನಡೆಯುತ್ತೆ?

ಅರ್ಜಿ ಹೋಗೋದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಿತಿಮತಿಯವರಿಗೆ ಅಂದ್ರೆ ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಡಿಕೇರಿಗೆ. ಆಧಾರ್, ಶಾಲೆಯ ದಾಖಲೆ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ತಂದೆ ತಾಯಿಯ ಮರಣ ಪ್ರಮಾಣಪತ್ರ ಕೇಳ್ತಾರೆ. ಮನೆಗೆ ಬಂದು ನೋಡ್ತಾರೆ. ಮಕ್ಕಳ ಕಲ್ಯಾಣ ಸಮಿತಿ ಕೂಡ ಮಗುವಿನ ವಿಷಯ ನೋಡುತ್ತೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ಕೊನೆಗೆ ಡಿಸಿ ಅಧ್ಯಕ್ಷತೆಯ ಸಮಿತಿ ಒಪ್ಪಿದರೆ ದುಡ್ಡು ನೇರ ಖಾತೆಗೆ.

ಮನೆಗೆ ಬಂದು ನೋಡ್ತಾರೆ ಅನ್ನೋ ಮಾತಿಗೇ ಅಜ್ಜಿ ಬೆಚ್ಚಿದ್ದು. ಅವರು ಬರೋದು ಮಗುವನ್ನು ಒಯ್ಯೋಕಲ್ಲ, ಮಗು ಇಲ್ಲಿ ಚೆನ್ನಾಗಿದೆ, ಇಲ್ಲೇ ಇರಲಿ ಅಂತ ಬರೆಯೋಕೆ. ಹೊಡೆತ ಬಡಿತ, ದೌರ್ಜನ್ಯ ಕಂಡರೆ ಮಾತ್ರ ಮಾತು ಬೇರೆ. ಅಲ್ಲಿ ಮಗುವಿನ ಸುರಕ್ಷತೆಯೇ ಮೊದಲು, ಅದು ಹಾಗೇ ಇರಬೇಕು ಕೂಡ.

ಸಿಕ್ಕಿಹಾಕಿಕೊಳ್ಳೋದು ಎಲ್ಲಿ?

ಒಂದು ಕಾಗದದಲ್ಲಿ. ಅಳಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದರಿಂದ ಅವನ ಮರಣ ಪ್ರಮಾಣಪತ್ರ ಇದೆ. ಮಗಳು ತೀರಿಕೊಂಡದ್ದು ಮನೆಯಲ್ಲಿ. ಆ ದುಃಖದಲ್ಲಿ ನೋಂದಣಿ ಯಾರಿಗೆ ನೆನಪಿರುತ್ತೆ? ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. 2023ರ ತಿದ್ದುಪಡಿ ಆದ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಡಿಸಿ ಅಧಿಕಾರ ಕೊಟ್ಟ ಅಧಿಕಾರಿ ಅದನ್ನು ಕೊಡಬಹುದು. ಕೋರ್ಟಿಗೆ ಅಲೆಯೋದು ತಪ್ಪಿತು, ಕಚೇರಿಗೆ ಅಲೆಯೋದು ತಪ್ಪಲಿಲ್ಲ. ಅಜ್ಜಿಗೆ ಒಂದು ದಿನ ಮಡಿಕೇರಿ ಅಂದ್ರೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜೂ ಹೋಯ್ತು. ಕತ್ತಲಾಗೋ ಮುಂಚೆ ವಾಪಸ್ ಬರಬೇಕು, ದಾರಿಯಲ್ಲಿ ಆನೆ ಭಯ.

ಸುಧಾರಣೆ ಅಂದ್ರೆ ಮೊತ್ತ 2,000ದಿಂದ 4,000ಕ್ಕೆ ಏರಿದ್ದು ಮಾತ್ರ ಅಲ್ಲ ಅಂತ ನನಗೆ ಅನ್ನಿಸೋದು ಇದಕ್ಕೇ. ಆ ದುಡ್ಡು ಅಜ್ಜಿಯ ಬಾಗಿಲಿಗೆ ಬರೋ ದಾರಿ ಸಲೀಸಾದರೆ ತಾನೇ ಕಾನೂನು ಕೆಲಸ ಮಾಡಿದಂತೆ?

ನೀವು ಏನು ಮಾಡಬಹುದು?

ನಿಮ್ಮ ಕೈಯಲ್ಲಿ ಫೋನಿದೆ. ಅಕ್ಕಪಕ್ಕದಲ್ಲಿ ಇಂಥ ಮನೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಯಾರು ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಅಂಗನವಾಡಿ ಟೀಚರ್, ಗ್ರಾಮ ಪಂಚಾಯಿತಿ ಸದಸ್ಯರ ಕಿವಿಗೂ ಹಾಕಿ. ಕಾಗದ ಹೊಂದಿಸೋಕೆ ಜೊತೆಗೆ ಹೋಗಿ. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕೋದು ಮಾತ್ರ ಬೇಡ. ಇಂಥ ಮಗುವಿನ ಗುರುತು ಬಯಲು ಮಾಡೋದನ್ನು ಕಾಯ್ದೆಯ 74ನೇ ಸೆಕ್ಷನ್ ಮಾಧ್ಯಮಗಳಿಗೆ ನಿಷೇಧಿಸಿದೆ. ನಾವೂ ಅದನ್ನೇ ಪಾಲಿಸೋಣ.

ಎರಡನೇ ಸಲ ಹೋದಾಗ ಅಜ್ಜಿಗೆ ಇದನ್ನೆಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರೆ ಮಕ್ಕಳು ನನ್ನ ಹತ್ರಾನೇ ಮಲಗ್ತವಾ?"

ಹೌದು ಅಜ್ಜಿ, ಅಂದೆ.

ಮಗಳ ಮರಣ ಪ್ರಮಾಣಪತ್ರದ ಅರ್ಜಿಗೆ ಅವತ್ತೇ ಹೆಬ್ಬೆಟ್ಟು ಒತ್ತಿದರು. ಆದೇಶ ಇನ್ನೂ ಬಂದಿಲ್ಲ. ಬಂದಾಗ ಇಲ್ಲೇ ಹೇಳ್ತೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.