ಕೆಜಿಎಫ್‌ನ ‘ದೆವ್ವ’ಗಳು ಹೇಳುವ ಇತಿಹಾಸ

ಬೀಗ ಬಿದ್ದ ಹಳೆಯ ಶಾಲೆ. ಹೆಂಚು ಜಾರಿದೆ, ಕಿಟಕಿಗೆ ಗಾಜಿಲ್ಲ. ಸಂಜೆಯಾದ ಮೇಲೆ ಆ ದಾರಿಯಲ್ಲಿ ಹೋಗಬೇಡ ಎಂದು ಅಜ್ಜಿ ಗದರುತ್ತಾಳೆ. ಇಂಥದೊಂದು ‘ದೆವ್ವದ ಮನೆ’ ಇಲ್ಲದ ಊರು ಯಾವುದಿದೆ? ಹೊರದೇಶಗಳ ಕೆಲವು ಸಣ್ಣ ಊರುಗಳಲ್ಲಿ ಇಂಥ ಶಾಲೆಗಳನ್ನೇ ದುರಸ್ತಿ ಮಾಡಿ, ಊರಿನ ಇತಿಹಾಸದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ದೆವ್ವ ನೋಡಲು ಬಂದವರು ಇತಿಹಾಸ ತಿಳಿದು ಮರಳುತ್ತಾರೆ!

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಊರು ಕೋಲಾರ ಚಿನ್ನದ ಗಣಿ, ಅಂದರೆ ಕೆಜಿಎಫ್. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟುವಾಗ ಚಿನ್ನ ತೆಗೆದು ಉಳಿದ ಮಣ್ಣಿನ ಬೂದು ದಿಬ್ಬಗಳು, ಗಣಿಬಾಯಿಗಳು, ಬ್ರಿಟಿಷರ ಕಾಲದ ಕಟ್ಟಡಗಳು ಕಾಣುತ್ತವೆ. ಪಾಳುಬಿದ್ದ ಇಂಥ ಕಟ್ಟಡಗಳ ಸುತ್ತ ಕಥೆ ಹುಟ್ಟದಿದ್ದರೇ ಆಶ್ಚರ್ಯ.

ನೆಲದಡಿಯ ಗುಡುಗು

ಮಳೆಯಿಲ್ಲ, ಗಾಳಿಯಿಲ್ಲ, ಇದ್ದಕ್ಕಿದ್ದಂತೆ ‘ಢಂ’ ಎಂಬ ಸದ್ದು. ಕಿಟಕಿ ಅದುರುತ್ತದೆ, ಪಾತ್ರೆಗಳು ಗಡಗಡ ಎನ್ನುತ್ತವೆ. ಬೇರೆ ಊರಿನಲ್ಲಾದರೆ ಇದು ದೆವ್ವದ ಚೇಷ್ಟೆಯೆಂದೇ ಲೆಕ್ಕ. ಗಣಿ ಕೆಲಸಗಾರರ ಮನೆಯವರು ಮಾತ್ರ ಗಣಿಬಾಯಿಯತ್ತ ಓಡುತ್ತಿದ್ದರು. ಅದು ‘ರಾಕ್ ಬರ್ಸ್ಟ್’ – ಬಂಡೆ ಸಿಡಿತ – ಎಂದು ಅವರಿಗೆ ಗೊತ್ತಿತ್ತು.

ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಆ ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿನ ಬಂಡೆಯ ಭಾರವೋ ಅಪಾರ. ಅದಿರು ತೆಗೆದಂತೆ ಕೆಳಗೆ ಟೊಳ್ಳಾಗುತ್ತದೆ. ಒತ್ತಡ ಸುತ್ತಲಿನ ಬಂಡೆಯ ಮೇಲೆ ಬೀಳುತ್ತದೆ. ತಡೆಯಲಾರದೆ ಅದು ಒಮ್ಮೆಲೇ ಸಿಡಿದಾಗ ಮೇಲಿನ ಊರೂ ನಡುಗುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಳಿಕ ಸುರಂಗಗಳಲ್ಲಿ ನೀರು ತುಂಬಿದಾಗಲೂ ನೆಲ ಕಂಪಿಸಿದ್ದುಂಟು. ಗಣಿಯ ಸಾವು ಇಷ್ಟೇ ಅಲ್ಲ. ಕಲ್ಲಿನ ದೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಕಣ್ಣುಮುಚ್ಚಿದವರೂ ಇದ್ದಾರೆ. ದೆವ್ವದ ಕಥೆ ಕೇಳಿದಾಗ ಈ ನಿಜ ನೆನಪಿರಲಿ.

ವಿಜ್ಞಾನಿಗಳಿಗೆ ಸಿಕ್ಕ ‘ಭೂತ’

ಗಣಿಯ ಕತ್ತಲಲ್ಲಿ ಒಂದು ‘ಭೂತ’ ಸಿಕ್ಕಿದ್ದು ಮಾತ್ರ ನಿಜ! ಎಂಥ ಬಂಡೆಯನ್ನೂ ತೂರಿಹೋಗುವ ನ್ಯೂಟ್ರಿನೋಗೆ ‘ಭೂತಕಣ’ ಎಂಬ ಅಡ್ಡಹೆಸರಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಪ್ರಪಂಚದಲ್ಲಿ ಮೊದಲು ಕಂಡ ಎರಡು ಪ್ರಯೋಗಗಳಲ್ಲಿ ಒಂದು 1965ರಲ್ಲಿ ಇಲ್ಲೇ ನಡೆಯಿತು. ಇನ್ನೊಂದು ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಬಂದದ್ದೂ ಈ ಗಣಿಗೆ. ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ.

ತರಗತಿಯಲ್ಲೊಂದು ಸಂಗ್ರಹಾಲಯ

ಇಂದಿನ ವಿದ್ಯಾರ್ಥಿಗಳೆಲ್ಲ ಗಣಿ ಮುಚ್ಚಿದ ಮೇಲೆ ಹುಟ್ಟಿದವರು. ಗಣಿಗೆ ಇಳಿದವರಲ್ಲಿ ಅನೇಕರು ಈಗ ಅಜ್ಜಂದಿರು. ಅವರ ನೆನಪು ದಾಖಲಾಗದಿದ್ದರೆ ಉಳಿಯುವುದು ದೆವ್ವದ ಕಥೆಯಷ್ಟೇ. ವಸ್ತುಸಂಗ್ರಹಾಲಯಕ್ಕೆ ದೊಡ್ಡ ಕಟ್ಟಡವೇ ಬೇಕೆಂದಿಲ್ಲ. ಶಾಲೆಯ ಒಂದು ಕಪಾಟು ಸಾಕು.

ಮನೆಯಲ್ಲಿರುವ ಗಣಿದೀಪ, ಹೆಲ್ಮೆಟ್, ಸಂಬಳದ ಚೀಟಿ, ಹಳೆಯ ಫೋಟೋ ಹುಡುಕಿ. ಯಾರದು, ಯಾವ ಗಣಿ, ಯಾವ ವರ್ಷ ಎಂದು ಚೀಟಿ ಅಂಟಿಸಿ. ಅಜ್ಜ ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದರೆ ಹಾಗೆಯೇ ಬರೆದುಕೊಂಡು, ಆಮೇಲೆ ಕನ್ನಡಕ್ಕೆ ತನ್ನಿ. ದೆವ್ವದ ಕಥೆ ಸಿಕ್ಕರೆ ಅದನ್ನೂ ಬರೆಯಿರಿ. ಆದರೆ ‘ಅಲ್ಲಿ ಮೊದಲು ಏನಿತ್ತು? ಯಾರಿಗೆ ಏನಾಗಿತ್ತು?’ ಎಂದು ಕೇಳುವುದನ್ನು ಮರೆಯಬೇಡಿ.

ತಂದೆತಾಯಂದಿರಿಗೂ ಒಂದು ಮಾತು. ಪಾಳುಕಟ್ಟಡ, ಗಣಿಬಾಯಿ, ಸೈನೈಡ್ ದಿಬ್ಬಗಳ ಹತ್ತಿರ ಮಕ್ಕಳು ಸುಳಿಯಬಾರದು. ಕುಸಿಯುವ ಗೋಡೆ, ಆಳದ ಗುಂಡಿ, ದಿಬ್ಬದ ದೂಳು – ಇವು ಯಾವ ದೆವ್ವಕ್ಕಿಂತಲೂ ಅಪಾಯಕಾರಿ. ಮಗು ಅಜ್ಜನ ಮುಂದೆ ನೋಟ್‌ಬುಕ್ ಹಿಡಿದು ಕೂತರೆ, ಒಂದು ಸಂಜೆ ಟಿವಿ ಆರಿಸಿ ನೀವೂ ಜೊತೆಗೆ ಕೂತು ಕೇಳಿ.