ಪುಟ್ಟ ಕ್ಯಾಮೆರಾಕ್ಕೊಂದು ಗಟ್ಟಿ ಚೀಲ

ಪುಷ್ಯ ಮಾಸ ಹತ್ತಿರ ಬಂತೆಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ. ಸಿಂಗಾರಗೊಂಡ ಹಳ್ಳಿಕಾರ್ ಜೋಡಿಗಳು, ಸಾಲು ಚಪ್ಪರ, ತಮಟೆ ಸದ್ದು, ಟವೆಲ್ ಮರೆಯಲ್ಲಿ ಬೆರಳು ಹಿಡಿದು ಕುದುರುವ ವ್ಯಾಪಾರ. ಫೋಟೊ ತೆಗೆಯುವವರಿಗೆ ಇದಕ್ಕಿಂತ ಹಬ್ಬ ಬೇಕೇ? ಆದರೆ ಬೆಳಗಿನ ಎಳೆಬಿಸಿಲಲ್ಲಿ ಚಿತ್ರಕ್ಕೆ ಚೆಂದ ಕೊಡುವ ಕೆಮ್ಮಣ್ಣಿನ ದೂಳೇ ಜೂಮ್ ಲೆನ್ಸಿನ ಸಂದಿಗೂ ಇಳಿಯುತ್ತದೆ, ಜಿಪ್ಪಿನ ಹಲ್ಲುಗಳ ನಡುವೆಯೂ ಕೂರುತ್ತದೆ. ಬೆನ್ನಿಗೆ ದೊಡ್ಡ ಬ್ಯಾಗ್ ಏರಿಸಿಕೊಂಡವರು ಆ ಸಂದಣಿಯಲ್ಲಿ ತಿರುಗಿದರೆ ಹಿಂದಿದ್ದವರಿಗೆ ಪೆಟ್ಟು, ಪಕ್ಕದ ಎತ್ತಿಗೆ ಬೆದರು. ಅಲ್ಲಿಗೆ ಬೇಕಿರುವುದು ಪಕ್ಕೆಗೆ ಅಂಟಿಕೊಂಡು ಕೂರುವ, ಒಂದೇ ಕೈಯಲ್ಲಿ ತೆರೆದು ಮುಚ್ಚಬಹುದಾದ ಸಣ್ಣ ಬಗಲುಚೀಲ.

ಕ್ಯಾಮೆರಾಗಳೇನೋ ಸಣ್ಣದಾದವು. 2008ರಲ್ಲಿ ಮೈಕ್ರೊ ಫೋರ್ ಥರ್ಡ್ಸ್ ವ್ಯವಸ್ಥೆ ಬಂದ ಮೇಲೆ ಲೆನ್ಸ್ ಬದಲಿಸುವ ಕ್ಯಾಮೆರಾವೇ ಅಂಗೈಯಗಲಕ್ಕೆ ಇಳಿಯಿತು. 2012ರಲ್ಲಿ ಬಂದ ಸೋನಿಯ ಮೊದಲ ಆರ್‌ಎಕ್ಸ್ 100 ಬ್ಯಾಟರಿ ಸೇರಿ 240 ಗ್ರಾಂ ತೂಗುತ್ತಿತ್ತು, ಅಷ್ಟೆ. ಇಷ್ಟಾದರೂ ಅರ್ಧ ಲಕ್ಷ ಕೊಟ್ಟು ಕ್ಯಾಮೆರಾ ಕೊಳ್ಳುವ ನಾವು, ಚೀಲದ ವಿಷಯಕ್ಕೆ ಬಂದರೆ ಅಂಗಡಿಯವರು ಪುಕ್ಕಟೆ ಕೊಟ್ಟದ್ದನ್ನೇ ನೇತುಹಾಕಿಕೊಂಡು ಹೊರಡುತ್ತೇವೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಕ್ಯಾಮೆರಾ ಕೆಳಗೆ ಬಿದ್ದು ಒಡೆಯಲು ಚೀಲದ ಪಟ್ಟಿ ಕಿತ್ತರೂ ಸಾಕು, ಜಿಪ್ ಬಾಯಿಬಿಟ್ಟರೂ ಸಾಕು.

ಅಂಗಡಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಒಯ್ಯಬೇಕೆಂದಿರುವುದನ್ನೆಲ್ಲ ಮಂಚದ ಮೇಲೆ ಹರಡಿ: ಲೆನ್ಸ್ ತೊಡಿಸಿದ ಕ್ಯಾಮೆರಾ, ಇನ್ನೊಂದು ಪುಟ್ಟ ಲೆನ್ಸ್, ಹೆಚ್ಚುವರಿ ಬ್ಯಾಟರಿ ಎರಡು, ಮೆಮೊರಿ ಕಾರ್ಡಿನ ಡಬ್ಬಿ, ಒರೆಸುವ ಬಟ್ಟೆ, ದೂಳು ಊದುವ ರಬ್ಬರ್ ಬುರುಡೆ. ಇಷ್ಟನ್ನೂ ಒತ್ತಾಗಿ ಜೋಡಿಸಿ ಅಳತೆಪಟ್ಟಿ ಹಿಡಿಯಿರಿ. ಸಾಮಾನ್ಯವಾಗಿ 22 ಸೆಂ.ಮೀ. ಉದ್ದ, 15 ಸೆಂ.ಮೀ. ಎತ್ತರ, 10 ಸೆಂ.ಮೀ. ಆಳದೊಳಗೆ ಎಲ್ಲ ಹಿಡಿಸುತ್ತದೆ. ಬೆರಳು ಆಡಲು ಸುತ್ತ ಒಂದೆರಡು ಸೆಂ.ಮೀ. ಸೇರಿಸಿ. ಅಳತೆ ಚೀಟಿಯಲ್ಲಿ ಕಾಣುವುದು ಎಷ್ಟೋ ಸಲ ಹೊರಗಿನ ಅಳತೆ. ಸ್ಪಂಜಿನ ಪದರ ಕಳೆದರೆ ಒಳಗೆ ಉಳಿಯುವುದು ಕಡಿಮೆ. ಹಾಗಾಗಿ ಕ್ಯಾಮೆರಾವನ್ನು ಅಂಗಡಿಗೇ ಒಯ್ದು ಇಟ್ಟು ನೋಡುವುದು ಮೇಲು. ‘ಮುಂದೆ ಬೇಕಾದೀತು’ ಎಂದು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಬೇಡಿ. ಖಾಲಿ ಜಾಗವಿದ್ದರೆ ಅದು ತುಂಬಿಯೇ ತುಂಬುತ್ತದೆ, ಮಧ್ಯಾಹ್ನದ ಹೊತ್ತಿಗೆ ಹೆಗಲು ಇಳಿಯುತ್ತದೆ. ಹೊಸಕೋಟೆ ಕೆರೆಯ ಹಕ್ಕಿಗಳೇ ನಿಮ್ಮ ಗುರಿಯಾದರೆ ಮಾತು ಬೇರೆ. ಅದಕ್ಕೆ ಉದ್ದನೆಯ ಲೆನ್ಸ್ ಬೇಕು, ಅದರ ಚೀಲವೂ ಬೇರೆಯೇ.

ಈಗ ಬಟ್ಟೆಯ ಮಾತು. ಒಳ್ಳೆಯ ಚೀಲಗಳ ಚೀಟಿಯಲ್ಲಿ 500ಡಿ, 1000ಡಿ ಎಂದು ಬರೆದಿರುತ್ತದೆ. ಬೇರೆ ಊರಿನವರಿಗೆ ಒಗಟಿನಂತಿರುವ ಈ ‘ಡಿ’ ದೊಡ್ಡಬಳ್ಳಾಪುರದಲ್ಲಿ ದಿನಬಳಕೆಯ ಲೆಕ್ಕ. ವಿದ್ಯುತ್ ಮಗ್ಗಗಳ ಸದ್ದಿನಲ್ಲೇ ಬೆಳಗಾಗುವ ಊರದು. ರೇಷ್ಮೆ ಸೀರೆ ನೇಯುವವರು ನೂಲನ್ನು ಅಳೆಯುವುದೇ ಡೆನಿಯರ್‌ನಲ್ಲಿ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಸೀರೆಗೆ ಬಳಸುವ ಕಚ್ಚಾ ರೇಷ್ಮೆಯ ಎಳೆ 20–22 ಡೆನಿಯರ್, ಅಂದರೆ ಒಂಬತ್ತು ಕಿಲೋಮೀಟರ್ ಎಳೆಗೆ ಇಪ್ಪತ್ತೆರಡು ಗ್ರಾಂ ದಾಟುವುದಿಲ್ಲ. ಚೀಲದ 1000ಡಿ ನೈಲಾನ್ ಅಷ್ಟೇ ಉದ್ದಕ್ಕೆ ಒಂದು ಕಿಲೊ ತೂಗುತ್ತದೆ.

ಸಂಖ್ಯೆ ದೊಡ್ಡದಿದ್ದರೆ ಚೀಲ ಗಟ್ಟಿ ಎಂದು ಅಷ್ಟಕ್ಕೇ ನಂಬುವಂತಿಲ್ಲ. ಅಲ್ಲಿನ ಮಗ್ಗದ ಯಜಮಾನರೊಬ್ಬರ ಕೈಗೆ ನನ್ನ ಚೀಲ ಕೊಟ್ಟಾಗ ಅವರು ಚೀಟಿಯ ಕಡೆ ನೋಡಲೇ ಇಲ್ಲ. ಬಟ್ಟೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಅಡ್ಡಲಾಗಿ ಜಗ್ಗಿ, ಬೆಳಕಿಗೆ ಹಿಡಿದರು. “ನೂಲು ದಪ್ಪ ಐತೆ ಸಾರ್, ನೇಯ್ಗೆ ಬಿಗಿ ಇಲ್ಲ. ಹಾಸು ಜರುಗ್ತಾ ಐತೆ ನೋಡಿ” ಎಂದರು. ನಿಜ, ಹೊಲಿಗೆಯ ಪಕ್ಕದಲ್ಲಿ ಎಳೆಗಳು ಸರಿದು ಸಣ್ಣ ಕಿಂಡಿಗಳಾಗಿದ್ದವು. ದಿನವಿಡೀ ಹೆಗಲ ಮೇಲಿರುವ ಪುಟ್ಟ ಚೀಲಕ್ಕೆ ಬಿಗಿಯಾಗಿ ನೇಯ್ದ 500ಡಿ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. 1000ಡಿ ಭಾರವೂ ಹೌದು, ಉಜ್ಜಿ ಉಜ್ಜಿ ಅಂಗಿಯ ಪಕ್ಕೆ ಸವೆಸುವುದೂ ಹೌದು. ದಪ್ಪ ಕ್ಯಾನ್ವಾಸ್ ಕೂಡ ಒಳ್ಳೆಯದೇ, ಮಳೆಯಲ್ಲಿ ನೆನೆದರೆ ಒಣಗಲು ಹೊತ್ತು ಬೇಕು.

ಬಟ್ಟೆ ನೋಡಿಯಾದ ಮೇಲೆ ಚೀಲವನ್ನು ಒಳಮಗ್ಗುಲಾಗಿಸಿ. ಪಟ್ಟಿ ಚೀಲಕ್ಕೆ ಸೇರುವ ಜಾಗವೇ ಚೀಲದ ಪ್ರಾಣ. ಪಟ್ಟಿಯ ತುದಿ ಪಕ್ಕದ ಹೊಲಿಗೆಯಲ್ಲಿ ಸುಮ್ಮನೆ ಸಿಕ್ಕಿಸಿ ಒಂದೇ ಸಾಲು ಹೊಲಿದಿದ್ದರೆ ಆ ಚೀಲ ಬೇಡ. ಪಟ್ಟಿ ಕೆಳಗಿನವರೆಗೆ ಇಳಿದು, ಚೌಕದೊಳಗೆ ಗುಣಾಕಾರದ ಗುರುತಿನ ಹೊಲಿಗೆ ಬಿದ್ದಿರಬೇಕು. ಇಲ್ಲವೇ ಒತ್ತೊತ್ತಾಗಿ ಹಿಂದೆ ಮುಂದೆ ಓಡಿಸಿದ ಅಡ್ಡ ಹೊಲಿಗೆ ಇರಬೇಕು. ಬಟ್ಟೆಯ ಅಂಚುಗಳಿಗೆ ಪಟ್ಟಿ ಕೊಟ್ಟು ಮುಚ್ಚಿದ್ದಾರೆಯೇ, ಅಥವಾ ಎಳೆ ಬಿಡುತ್ತಿವೆಯೇ ಎಂಬುದನ್ನೂ ನೋಡಿ. ನಂತರ ಒಂದು ಲೀಟರಿನ ನೀರಿನ ಬಾಟಲಿ ಒಳಗಿಟ್ಟು, ಹೆಗಲಿಗೆ ಹಾಕಿಕೊಂಡು ನಾಲ್ಕು ಸಲ ಕುಪ್ಪಳಿಸಿ. ಪಟ್ಟಿಯ ಬಕಲ್ ಜಾರಿ ಚೀಲ ಕೆಳಗಿಳಿದರೆ ಅಲ್ಲೇ ವಾಪಸ್ ಕೊಟ್ಟುಬಿಡಿ. ಅಂಗಡಿಯವರು ಏನಂದುಕೊಂಡಾರು ಎಂಬ ಸಂಕೋಚ ಬೇಕಿಲ್ಲ.

ಮುಚ್ಚಳದ ವಿಷಯದಲ್ಲಿ ನನ್ನ ಒಲವು ಸ್ಪಷ್ಟ: ಜಿಪ್ ಇರಲಿ, ಅದರ ಮೇಲೆ ಇಳಿಬಿದ್ದ ಬಟ್ಟೆಯ ಹೊದಿಕೆಯೂ ಇರಲಿ. ಜಾತ್ರೆಯ ದೂಳನ್ನೂ ಸೆಪ್ಟೆಂಬರ್–ಅಕ್ಟೋಬರಿನ ಸಂಜೆ ಮಳೆಯನ್ನೂ ಬರೀ ಜಿಪ್ ತಡೆಯುವುದಿಲ್ಲ. ಬರೀ ಹೊದಿಕೆಯಿದ್ದರೆ ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಕಷ್ಟ. ಕಂಬಿ ಹಿಡಿದು ಬಂಡೆಯ ಕಡಿದಾದ ಮೆಟ್ಟಿಲು ಏರುವಾಗ ಮುಂದಕ್ಕೆ ಬಾಗಿದರೆ ಲೆನ್ಸ್ ಹೊರಕ್ಕೆ ಜಾರುತ್ತದೆ. ಮೇಲಾಗಿ ಅಲ್ಲಿನ ಕೋತಿಗಳು ತೆರೆದ ಚೀಲ ಕಂಡರೆ ಬಿಡುವುದಿಲ್ಲ. ತಿಂಡಿಯ ಪೊಟ್ಟಣವನ್ನು ಕ್ಯಾಮೆರಾದ ಜೊತೆ ಇಡಲೇಬೇಡಿ. ವಾಸನೆಗೆ ಅವು ಇಡೀ ಚೀಲಕ್ಕೇ ಕೈಹಾಕುತ್ತವೆ.

ಚೀಲ ‘ಕ್ಯಾಮೆರಾ ಚೀಲ’ದಂತೆ ಕಾಣದಿದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಫಿಲಡೆಲ್ಫಿಯ ಇನ್‌ಕ್ವೈರರ್ ಪತ್ರಿಕೆಯ ಛಾಯಾಗ್ರಾಹಕ ಜಿಮ್ ಡೊಮ್ಕಿ 1970ರ ದಶಕದಲ್ಲಿ ತನ್ನ ಕೆಲಸಕ್ಕೆಂದು ರೂಪಿಸಿದ್ದು ಮೆತ್ತೆ ತುಂಬದ, ಮೈಗೆ ಒಗ್ಗುವ ಕ್ಯಾನ್ವಾಸ್ ಚೀಲವನ್ನು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪನಿ ಮೊದಲು ಹೊಲಿಯುತ್ತಿದ್ದುದು ಮೀನು ಹಿಡಿಯುವವರ ಚೀಲ. ಅದು ಗಟ್ಟಿಯಿದೆ, ನೀರು ತಡೆಯುತ್ತದೆ ಎಂದು ಛಾಯಾಗ್ರಾಹಕರೇ ಹುಡುಕಿಕೊಂಡು ಬಂದರು. ನಮ್ಮಲ್ಲೂ ತುಂಬಿದ ಬಸ್ಸಿನಲ್ಲಿ, ಸಂತೆಯಲ್ಲಿ, ಮಾಕಳಿದುರ್ಗದ ಹಳಿಯ ತಿರುವಿನಲ್ಲಿ ರೈಲಿಗೆ ಕಾಯುವಾಗ ಮಾಸಲು ಬಣ್ಣದ ಸಾದಾ ಚೀಲ ಯಾರ ಕಣ್ಣನ್ನೂ ಸೆಳೆಯುವುದಿಲ್ಲ. ಎದುರಿಗಿರುವವರೂ ಮುಜುಗರವಿಲ್ಲದೆ ಮಾತಿಗೆ ಸಿಗುತ್ತಾರೆ.

ಸ್ಕೂಟರಿನಲ್ಲಿ ಹೋಗುವವರು ಚೀಲವನ್ನು ಸೀಟಿನಡಿಯ ಡಿಕ್ಕಿಗೆ ಹಾಕದೆ ಎದೆಗಡ್ಡ ಹಾಕಿಕೊಳ್ಳಿ. ಹಳ್ಳಿ ರಸ್ತೆಯ ಕುಲುಕಾಟವನ್ನು ಮೈ ನುಂಗಿಕೊಳ್ಳುತ್ತದೆ, ಡಿಕ್ಕಿ ನುಂಗುವುದಿಲ್ಲ. ಎಂಜಿನ್ನಿನ ಕಾವು ಬೇರೆ. ದೇವನಹಳ್ಳಿಯಿಂದ ವಿಮಾನ ಹತ್ತುವವರಿಗೆ ಸಣ್ಣ ಚೀಲ ಇನ್ನೊಂದು ರೀತಿಯಲ್ಲೂ ಅನುಕೂಲ. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಜೊತೆಯಲ್ಲೇ ಒಯ್ಯಬೇಕು. ಅವಕ್ಕೆಂದೇ ಒಳಜೇಬಿರುವ ಚೀಲ ಆರಿಸಿ.

ಮಳೆಯಲ್ಲಿ ನೆನೆದ ಚೀಲವನ್ನು ಹಾಗೇ ಬೀರುವಿನಲ್ಲಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ನೈಲಾನಿನ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪವೂ ವರ್ಷಗಳ ತೇವಕ್ಕೆ ಅಂಟಂಟಾಗಿ ಸಿಪ್ಪೆ ಬಿಡುತ್ತದೆ. ಎಲ್ಲವನ್ನೂ ಹೊರತೆಗೆದು, ನೆರಳಲ್ಲಿ ಬಾಯ್ತೆರೆದು ತೂಗುಹಾಕಿ. ದೂಳು ಕೂತ ಜಿಪ್ಪನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು. ರನ್ನರ್ ಸಡಿಲವಾಗಿದ್ದರೆ ಬ್ಯಾಗ್ ರಿಪೇರಿಯವರು ಅದೊಂದನ್ನೇ ಬದಲಿಸಿಕೊಡುತ್ತಾರೆ. ಪಟ್ಟಿಯ ಹೊಲಿಗೆ ಬಿಟ್ಟರೆ ಆಟೊ ಸೀಟು, ರೆಕ್ಸಿನ್ ಹೊಲಿಯುವ ಅಂಗಡಿಗೆ ಹೋಗಿ. ಬಟ್ಟೆ ಹೊಲಿಯುವ ಮಷಿನ್‌ಗೆ ದಾಟಲಾಗದ ದಪ್ಪವನ್ನು ಅವರ ಮಷಿನ್ ಸಲೀಸಾಗಿ ದಾಟುತ್ತದೆ. ಹತ್ತಿಯ ದಾರ ಬೇಡ, ಪಾಲಿಯೆಸ್ಟರ್ ದಾರವೇ ಹಾಕಿ ಎಂದು ಮೊದಲೇ ಹೇಳಿ. ಕ್ಯಾಮೆರಾ, ಒಳಗಿನ ಮೆತ್ತೆ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬರೀ ಚೀಲವನ್ನಷ್ಟೇ ಒಯ್ಯಿರಿ.