ಮುಟ್ಟಿನಲ್ಲಿ ತಣ್ಣೀರು ಕುಡಿದರೆ ಕ್ಯಾನ್ಸರ್ ಬರುತ್ತದೆಯೇ? ಗಮನಿಸಬೇಕಾದ ಲಕ್ಷಣಗಳೇ ಬೇರೆ

ಮುಟ್ಟಿನ ದಿನಗಳಲ್ಲಿ ಐಸ್ ನೀರು ಕುಡಿಯಬಾರದು, ಮುಳ್ಳುಸೌತೆ ತಿನ್ನಬಾರದು, ತಲೆಗೆ ಶಾಂಪೂ ಹಾಕಬಾರದು. ಹಾಗೆ ಮಾಡಿದರೆ ರಕ್ತ ಗರ್ಭಕೋಶದ ಗೋಡೆಗೆ ಅಂಟಿಕೊಂಡು ಐದು-ಹತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಈ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಕೊನೆಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಕಳಿಸಿ ಎಂಬ ವಿನಂತಿ ಬೇರೆ.

ಇದು ಸುಳ್ಳು. ಕುಡಿದ ನೀರು ಹೋಗುವುದು ಜಠರಕ್ಕೆ, ಅಲ್ಲಿಂದ ಕರುಳಿಗೆ. ಜಠರಕ್ಕೂ ಗರ್ಭಕೋಶಕ್ಕೂ ನಡುವೆ ಯಾವ ಕೊಳವೆಯೂ ಇಲ್ಲ. ತಣ್ಣೀರು ಸ್ವಲ್ಪ ಹೊತ್ತಿನಲ್ಲೇ ಮೈಯ ಬಿಸಿಗೆ ಬರುತ್ತದೆ. ಮುಳ್ಳುಸೌತೆಯ ರಸ ರಕ್ತವನ್ನು ತಡೆಯುವುದಿಲ್ಲ. ತಲೆಗೆ ಸ್ನಾನ ಧಾರಾಳವಾಗಿ ಮಾಡಬಹುದು.

ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹೆಣ್ಣುಮಕ್ಕಳ ಜೊತೆ ಮಾತನಾಡುವಾಗ ನಾವು ಗಮನಿಸಿದ ಸಂಗತಿ ಇದು: ತಣ್ಣೀರಿಗೆ ಹೆದರುವವರೇ ಹತ್ತು ದಿನ ರಕ್ತ ಹೋದರೂ "ನನಗೆ ಮೊದಲಿನಿಂದಲೂ ಹೀಗೇ" ಎಂದು ಸುಮ್ಮನಿರುತ್ತಾರೆ. ಅಮ್ಮನಿಗೂ ಹಾಗೇ ಇತ್ತು, ಅಕ್ಕನಿಗೂ ಹಾಗೇ. ಮನೆಯಲ್ಲಿ ಎಲ್ಲರಿಗೂ ಇದೆ ಎಂದಮಾತ್ರಕ್ಕೆ ಅದು ಸಹಜವಾಗುವುದಿಲ್ಲ.

ಹಾಗಾದರೆ ಸಹಜ ಯಾವುದು? ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನ. 28 ಎಂಬುದು ಸರಾಸರಿ ಲೆಕ್ಕ ಅಷ್ಟೇ, ನಿಯಮವಲ್ಲ. ದೊಡ್ಡವಳಾದ ಮೊದಲ ಎರಡು-ಮೂರು ವರ್ಷ 21ರಿಂದ 45 ದಿನಗಳವರೆಗೂ ಏರುಪೇರಾಗಬಹುದು. ಹೈಸ್ಕೂಲ್ ಹುಡುಗಿಯ ತಾಯಂದಿರು ಇದಕ್ಕೆ ಗಾಬರಿಯಾಗಬೇಕಿಲ್ಲ. ರಕ್ತಸ್ರಾವ 8 ದಿನದೊಳಗೆ ನಿಲ್ಲಬೇಕು. ಮೊದಲೆರಡು ದಿನ ಕಿಬ್ಬೊಟ್ಟೆ, ಸೊಂಟ ನೋಯುವುದು, ಚಿಕ್ಕ ಗಡ್ಡೆಗಳು ಹೋಗುವುದು, ಕೊನೆಯಲ್ಲಿ ಕಂದು ಬಣ್ಣ ಕಾಣುವುದು ಎಲ್ಲವೂ ಸಾಮಾನ್ಯ.

ಪ್ರಮಾಣದ ವಿಷಯಕ್ಕೆ ಬಂದರೆ, ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿ.ಲೀ., ಅಂದರೆ ಎರಡು-ಮೂರು ದೊಡ್ಡ ಚಮಚದಷ್ಟು. 80 ಮಿ.ಲೀ. ದಾಟಿದರೆ ಹೆಚ್ಚು. ಅಳೆಯುವುದು ಹೇಗೆ ಎಂದು ಕೇಳಬಹುದು. 2022ರಲ್ಲಿ ರಾಜ್ಯ ಸರ್ಕಾರ ಮುಟ್ಟಿನ ಕಪ್ ವಿತರಣೆಯನ್ನು ಪ್ರಾಯೋಗಿಕವಾಗಿ ಶುರುಮಾಡಿದ್ದು ನಮ್ಮ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ. ಕಪ್ ಬಳಸುವವರಿಗೆ ಎಷ್ಟು ತುಂಬಿತು ಎಂಬುದು ಕಣ್ಣಿಗೇ ಕಾಣುತ್ತದೆ. ಪ್ಯಾಡ್ ಬಳಸುವವರು ಎಣಿಸಬೇಕು. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು-ಮೂರು ಗಂಟೆ ಮುಂದುವರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಾತ್ರಿ ಪ್ಯಾಡ್ ಬದಲಿಸಲೆಂದೇ ಏಳಬೇಕಾಗುವುದು, ಒಂದರ ಮೇಲೊಂದು ಎರಡು ಪ್ಯಾಡ್ ಇಡುವುದು, ಹತ್ತು ರೂಪಾಯಿ ನಾಣ್ಯದಷ್ಟು ಗಡ್ಡೆ ಹೋಗುವುದು ಕೂಡ ಡಾಕ್ಟರಿಗೆ ಹೇಳಬೇಕಾದ ವಿಷಯಗಳೇ.

ಹೀಗೆ ತಿಂಗಳು ತಿಂಗಳು ರಕ್ತ ಹೋದರೆ ಮೈಯಲ್ಲಿ ಕಬ್ಬಿಣದ ಅಂಶ ಖಾಲಿಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ದಿನವಿಡೀ ಕೂತು ಬೀಡಿ ಕಟ್ಟುವ ಹೆಂಗಸಿಗೆ ಎದ್ದು ನಿಂತಾಗ ತಲೆ ತಿರುಗಿದರೆ, ಗುಡ್ಡ ಹತ್ತುವಾಗ ಉಬ್ಬಸ ಬಂದರೆ ಅವಳು ಕೆಲಸದ ಆಯಾಸ ಅಂದುಕೊಳ್ಳುತ್ತಾಳೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಪರೀಕ್ಷೆ ಆಗುತ್ತದೆ.

ನೋವಿಗೂ ಒಂದು ಗಡಿ ಇದೆ. ಮಾತ್ರೆ ತೆಗೆದುಕೊಂಡರೂ ಶಾಲೆಗೆ, ಕೆಲಸಕ್ಕೆ ಹೋಗಲಾಗದಷ್ಟು ನೋವು ಪ್ರತಿ ತಿಂಗಳೂ ಬಂದರೆ ಎಂಡೋಮೆಟ್ರಿಯೋಸಿಸ್‌ನಂಥ ಕಾರಣ ಇರಬಹುದು. "ಮದುವೆಯಾದರೆ ಸರಿಹೋಗುತ್ತದೆ" ಎಂಬುದು ಚಿಕಿತ್ಸೆಯಲ್ಲ. 15 ವರ್ಷವಾದರೂ ಮುಟ್ಟಾಗದಿದ್ದರೆ, ಆಗುತ್ತಿದ್ದದ್ದು ಮೂರು ತಿಂಗಳು ನಿಂತರೆ (ಗರ್ಭಿಣಿಯಲ್ಲ ಎಂದು ಮೊದಲು ಖಚಿತಪಡಿಸಿಕೊಂಡು), ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ತೋರಿಸಬೇಕು.

ಕ್ಯಾನ್ಸರ್ ಭಯವನ್ನು ನಿಜಕ್ಕೂ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಜಾಗ ಇನ್ನೊಂದಿದೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಬೇಕು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಇದೇ. ಅಜ್ಜಿಯಂದಿರು ನಾಚಿಕೆಯಿಂದ ಮುಚ್ಚಿಡುವುದೂ ಇದನ್ನೇ.

"ಡಾಕ್ಟರ ಹತ್ತಿರ ಹೋದರೆ ಗರ್ಭಕೋಶ ತೆಗೆಸಿ ಅನ್ನುತ್ತಾರೆ" ಎಂಬ ಹೆದರಿಕೆಯೂ ಹಲವರಲ್ಲಿದೆ. ಹೆಚ್ಚಿನ ರಕ್ತಸ್ರಾವಕ್ಕೆ ಮೊದಲು ಮಾತ್ರೆಗಳಿವೆ, ಹಾರ್ಮೋನ್ ಇರುವ ವಂಕಿಯೂ ಇದೆ. ನೇರ ಆಪರೇಷನ್ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಹಾಗೆಯೇ ನೇಮ, ಜಾತ್ರೆ, ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್‌ನಿಂದ ನೀವೇ ತಂದು ನುಂಗಬೇಡಿ. ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಅದು ಅಪಾಯ.

ತುಳುನಾಡಿನಲ್ಲಿ ಫೆಬ್ರವರಿಯ ಕೆಡ್ಡಸದಂದು ಭೂಮಿಯೇ ಮುಟ್ಟಾಗುತ್ತಾಳೆ ಎಂದು ಅಗೆಯುವುದನ್ನೂ ಉಳುವುದನ್ನೂ ನಿಲ್ಲಿಸುತ್ತೇವೆ, ಕೊನೆಗೆ ನೆಲಕ್ಕೆ ಎಣ್ಣೆ ಬಿಡುತ್ತೇವೆ. ಭೂಮಿಯ ಮುಟ್ಟನ್ನು ಊರಿಡೀ ಮಾತನಾಡುವ ನಮಗೆ ನಮ್ಮದನ್ನು ಡಾಕ್ಟರಿಗೆ ಹೇಳಲು ಯಾಕಷ್ಟು ಸಂಕೋಚ ಎಂಬುದು ನಮಗಿನ್ನೂ ಅರ್ಥವಾಗಿಲ್ಲ.

ಬಂಟ್ವಾಳ, ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ ಇದೆ. ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿನ ಸರ್ಕಾರಿ ಲೇಡಿಗೋಶನ್ ಆಸ್ಪತ್ರೆ. ಒಬ್ಬರೇ ಹೋಗಲು ಮುಜುಗರವಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಆದರೂ ಸರಿ, ಕಳೆದ ಮೂರು ಮುಟ್ಟು ಶುರುವಾದ ದಿನ, ನಿಂತ ದಿನ, ದಿನಕ್ಕೆಷ್ಟು ಪ್ಯಾಡ್ ಎಂದು ಗುರುತು ಹಾಕಿ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.